ರೋಮಿನ ನಾಣ್ಯವೂ ಕನ್ನಡದ ನೆಲವೂ
(ಚಂದ್ರವಳ್ಳಿಯ ಸಂದರ್ಶನದ ಹಿನ್ನೆಲೆಯಲ್ಲಿ ಕೆಲವು ವಿಚಾರಗಳು)

1

ರೋಮನ್ ಸಾಮ್ರಾಜ್ಯದ ಪ್ರಾಚೀನ ಪಟ್ಟಣಗಳ ಅವಶೇಷಗಳನ್ನು ಕುರಿತು ತರಗತಿಯಲ್ಲಿ ಪಾಠ ಹೇಳುತ್ತಿದ್ದಾಗ ವಿದ್ಯಾರ್ಥಿಯೊಬ್ಬನು ಕೇಳಿದ ಪ್ರಶ್ನೆಯೊಂದು ಪ್ರಕೃತ ಲೇಖನಕ್ಕೆ ಕಾರಣವಾಯಿತು. ಬೆಂಗಳೂರಿನ ಪೂರ್ವಭಾಗದ ಬ್ರೂಕ್‌ಫೀಲ್ಡಿನಲ್ಲಿ ವಾಸವಾಗಿರುವ ಆತನು, ಎಚ್.ಎ.ಎಲ್. ವಿಮಾನ ನಿಲ್ದಾಣದ ನೆಲದಲ್ಲಿ ರೋಮನ್ ನಾಣ್ಯಗಳು ದೊರೆತವೆಂಬ ಸಂಗತಿಯನ್ನು ಎಲ್ಲಿಯೋ ಓದಿದ್ದನು. “ಸಾರ್, ಹಾಗಾದರೆ ನಮ್ಮ ಕಡೆಯೂ ರೋಮನರ ಪಟ್ಟಣವೊಂದು ಇತ್ತೇ? ಇದ್ದರೆ ಹೋಗಿ ನೋಡಬಹುದೇ?” ಎಂದು ಕೇಳಿದನು. ತರಗತಿಯಲ್ಲಿ ಸ್ವಲ್ಪ ನಗೆಯೆದ್ದಿತು. “ಇಲ್ಲ” ಎಂದಷ್ಟೇ ಹೇಳಿ ನಾನು ಪಾಠವನ್ನು ಮುಂದುವರಿಸಿದೆನು.

ಈ ಲೇಖಕನೂ ಅದೇ ಪ್ರದೇಶದ ನಿವಾಸಿ. ಆ ದಿನ ಸಂಜೆ ಮಾರತಹಳ್ಳಿಯನ್ನು ದಾಟಿ ಕುಂದಲಹಳ್ಳಿ ಗೇಟಿನ ಕಡೆಗೆ ಮನೆಗೆ ಮರಳುವಾಗ, ಕೊಟ್ಟ ಉತ್ತರ ಸಾಲದೆಂಬ ಅಳುಕು ಮನಸ್ಸಿನಲ್ಲಿ ಉಳಿಯಿತು. ವಿದ್ಯಾರ್ಥಿಯ ಮಾತಿನಲ್ಲಿ ವಾಸ್ತವವಾಗಿ ಮೂರು ಪ್ರಶ್ನೆಗಳು ಅಡಗಿದ್ದುವು. ಇಲ್ಲಿ ರೋಮನರು ನೆಲಸಿದ್ದರೇ ಎಂಬುದು ಮೊದಲನೆಯದು. ರೋಮನರಲ್ಲದಿದ್ದರೂ ಅವರ ನಾಣ್ಯವನ್ನು ಕೈಯಲ್ಲಿ ಹಿಡಿದ ಜನರ ಊರೊಂದು ಇಲ್ಲಿ ಇದ್ದಿತೇ ಎಂಬುದು ಎರಡನೆಯದು. ಇದ್ದಿದ್ದರೆ ಅದನ್ನು ಈಗ ಕಾಣುವುದು ಶಕ್ಯವೇ ಎಂಬುದು ಮೂರನೆಯದು. ಮೊದಲನೆಯದಕ್ಕೆ ನನ್ನ ಉತ್ತರ ಸಲ್ಲುತ್ತದೆ. ಮಿಕ್ಕ ಎರಡಕ್ಕೆ ಅದು ಉತ್ತರವೇ ಅಲ್ಲ. ಅವುಗಳನ್ನು ವಿಚಾರಿಸಬೇಕಾದರೆ ಒಂದು ನಾಣ್ಯವು ಇತಿಹಾಸಕಾರನಿಗೆ ಯಾವಾಗ ಸಾಕ್ಷಿಯಾಗುತ್ತದೆ, ಯಾವಾಗ ಬರಿಯ ಬೆಳ್ಳಿಯ ಚೂರಾಗಿ ಉಳಿಯುತ್ತದೆ ಎಂಬುದನ್ನು ಮೊದಲು ತಿಳಿಯಬೇಕಾಗುತ್ತದೆ.

2

ಬೆಂಗಳೂರಿನಲ್ಲಿ ದೊರೆತಿರುವ ರೋಮನ್ ನಾಣ್ಯನಿಧಿಗಳು ಮುಖ್ಯವಾಗಿ ಎರಡು. 1891ರಲ್ಲಿ ಯಶವಂತಪುರದ ಬಳಿ ರೈಲುಮಾರ್ಗದ ಕೆಲಸಕ್ಕಾಗಿ ನೆಲವನ್ನು ಅಗೆಯುತ್ತಿದ್ದಾಗ 163 ಬೆಳ್ಳಿಯ ನಾಣ್ಯಗಳು ಒಟ್ಟಾಗಿ ದೊರೆತವು. ಆಗಸ್ಟಸ್ ಚಕ್ರವರ್ತಿಯಿಂದ (ಕ್ರಿ.ಪೂ. 27–ಕ್ರಿ.ಶ. 14) ಮೊದಲಾಗಿ ಟೈಬೀರಿಯಸ್ (14–37), ಕ್ಲಾಡಿಯಸ್ (41–54) ಇವರ ಕಾಲದವರೆಗಿನ ನಾಣ್ಯಗಳು ಅದರಲ್ಲಿದ್ದುವು. ಎರಡನೆಯ ನಿಧಿಯು 1965ರಲ್ಲಿ ಎಚ್.ಎ.ಎಲ್. ವಿಮಾನ ನಿಲ್ದಾಣದ ಪ್ರದೇಶದಲ್ಲಿ ಕಂಡುಬಂದಿತು. ಅದರಲ್ಲಿ 250ಕ್ಕೂ ಹೆಚ್ಚು ಬೆಳ್ಳಿಯ ನಾಣ್ಯಗಳಿದ್ದು, ಅವೂ ಕ್ರಿಸ್ತಶಕದ ಆದಿಭಾಗದ ಚಕ್ರವರ್ತಿಗಳವೇ ಆಗಿದ್ದುವು. 1940ರಲ್ಲಿ ವಿಮಾನ ಕಾರ್ಖಾನೆಗಾಗಿ ಆರಿಸಿಕೊಂಡ ಆ ಬಯಲಿನ ಕೆಳಗೆ, ಸಮುದ್ರಗಳನ್ನು ದಾಟಿ ಬಂದ ಈ ಹಣವು ಸದ್ದಿಲ್ಲದೆ ಮಲಗಿದ್ದಿತು. ಬ್ರೂಕ್‌ಫೀಲ್ಡಿಗೂ ಆ ಸ್ಥಳಕ್ಕೂ ಇರುವ ಅಂತರ ಎಂಟು ಹತ್ತು ಕಿಲೋಮೀಟರುಗಳಷ್ಟೆ.

ಈ ಬೆಳ್ಳಿಯ ನಾಣ್ಯಕ್ಕೆ ದಿನಾರಿಯಸ್ ಎಂದು ಹೆಸರು. ಆಗಸ್ಟಸನ ಕಾಲದಲ್ಲಿ ಒಂದು ರೋಮನ್ ಪೌಂಡು ಬೆಳ್ಳಿಯಿಂದ 84 ದಿನಾರಿಯಸ್‌ಗಳನ್ನು ಅಚ್ಚುಹಾಕುತ್ತಿದ್ದರು. ಎಂದರೆ ಒಂದೊಂದರ ತೂಕ ಸುಮಾರು 4 ಗ್ರಾಮಿಗೆ ತುಸು ಕಡಮೆ. ಅಂದಿನ ರೋಮನ್ ಪಡೆಯ ಸಾಮಾನ್ಯ ಕಾಲಾಳಿಗೆ ವರ್ಷಕ್ಕೆ ದೊರೆಯುತ್ತಿದ್ದ ಸಂಬಳ 225 ದಿನಾರಿಯಸ್. ಹೀಗೆ ಎಚ್.ಎ.ಎಲ್. ನಿಧಿಯು ಒಬ್ಬ ಸೈನಿಕನ ಒಂದು ವರ್ಷದ ಸಂಬಳಕ್ಕೆ ಮೀರಿದ ಧನವೆಂದಾಯಿತು. ಯಶವಂತಪುರದ ನಿಧಿಯು ಅದೇ ಸಂಬಳದ ಮುಕ್ಕಾಲು ಪಾಲಿಗೆ ಸಮೀಪವಾಗುತ್ತದೆ. ಇದು ರಾಜನ ಭಂಡಾರವಲ್ಲವಾದರೂ ಬಡವನ ಗಂಟೂ ಅಲ್ಲ. ಯಾರೋ ವರ್ತಕನೋ, ಅಕ್ಕಸಾಲಿಯೋ, ಊರ ಪ್ರಮುಖನೋ ಕೂಡಿಟ್ಟು ಮರಳಿ ತೆಗೆಯಲಾಗದೆ ಹೋದ ಉಳಿತಾಯವಿದು.

ದಕ್ಷಿಣ ಭಾರತದಲ್ಲಿ ದೊರೆಯುವ ದಿನಾರಿಯಸ್‌ಗಳಲ್ಲಿ ಬಹುಪಾಲು ಆಗಸ್ಟಸ್ ಮತ್ತು ಟೈಬೀರಿಯಸರವೇ ಆಗಿರುವುದು ಗಮನಾರ್ಹವಾದ ಸಂಗತಿ. ಅದರಲ್ಲಿಯೂ ಆಗಸ್ಟಸನ ಮೊಮ್ಮಕ್ಕಳಾದ ಗೇಯಸ್ ಮತ್ತು ಲೂಸಿಯಸರು ಗುರಾಣಿ ಹಿಡಿದು ನಿಂತಿರುವ ಒಂದು ಮಾದರಿಯೂ, ಟೈಬೀರಿಯಸನ ನಾಣ್ಯದಲ್ಲಿ ಸ್ತ್ರೀಯೊಬ್ಬಳು ಆಸನದಲ್ಲಿ ಕುಳಿತಿರುವ ಇನ್ನೊಂದು ಮಾದರಿಯೂ ಅತ್ಯಧಿಕ. ಕ್ರಿ.ಶ. 64ರ ಸುಮಾರಿನಲ್ಲಿ ನೀರೋ ಚಕ್ರವರ್ತಿಯು ದಿನಾರಿಯಸ್ಸಿನ ತೂಕವನ್ನು ಪೌಂಡಿಗೆ 96ರಂತೆ ಇಳಿಸಿ ಬೆಳ್ಳಿಯ ಶುದ್ಧಿಯನ್ನೂ ಕಡಮೆಮಾಡಿದನು. ನಮ್ಮ ದೇಶದ ವರ್ತಕರು ನಾಣ್ಯವನ್ನು ಬೆಳ್ಳಿಯ ಬೆಲೆಗೇ ತೂಗಿ ಕೊಳ್ಳುತ್ತಿದ್ದುದರಿಂದ ಹಳೆಯ ಶುದ್ಧ ನಾಣ್ಯಗಳನ್ನೇ ಆರಿಸಿ ಇಟ್ಟುಕೊಂಡರೆಂದು ವಿದ್ವಾಂಸರು ಬಹುಮಟ್ಟಿಗೆ ಒಪ್ಪುತ್ತಾರೆ. ಕೆಲವು ನಿಧಿಗಳ ನಾಣ್ಯಗಳಲ್ಲಿ ಚಕ್ರವರ್ತಿಯ ಮುಖದ ಮೇಲೆಯೇ ಉಳಿಯಿಂದ ಗೀಚಿದ ಗುರುತುಗಳಿವೆ. ಒಳಗೆ ತಾಮ್ರವಿದೆಯೇ ಎಂದು ಪರೀಕ್ಷಿಸಿದವರ ಕೈಗುರುತುಗಳು ಇವಾಗಿರಬಹುದು.

ಇಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದ ಒಂದು ತತ್ತ್ವವುಂಟು. ನಾಣ್ಯವು ಅಚ್ಚಾದ ಕಾಲ ಬೇರೆ, ಅದು ನೆಲವನ್ನು ಸೇರಿದ ಕಾಲ ಬೇರೆ. ಕ್ಲಾಡಿಯಸನ ನಾಣ್ಯವುಳ್ಳ ಯಶವಂತಪುರದ ನಿಧಿಯನ್ನು ಕ್ರಿ.ಶ. 41ಕ್ಕೆ ಮುಂಚೆ ಹೂತಿರುವುದು ಅಸಂಭವ. ಆದರೆ ಅನಂತರ ಯಾವಾಗ ಹೂತರೆಂಬುದನ್ನು ನಾಣ್ಯವು ಹೇಳಲಾರದು. ಹತ್ತು ವರ್ಷಗಳಾಗಿರಬಹುದು, ನೂರು ವರ್ಷಗಳಾಗಿರಬಹುದು. ಅದನ್ನು ಹೇಳತಕ್ಕದ್ದು ನಾಣ್ಯದ ಸುತ್ತಲಿನ ಮಣ್ಣು. ಆ ಮಣ್ಣಿನಲ್ಲಿದ್ದ ಬೋಕಿಯ ಚೂರುಗಳು, ಇದ್ದಿಲು, ಒಲೆಯ ಬೂದಿ, ಇಟ್ಟಿಗೆ ಇವೆಲ್ಲ ಕೂಡಿ ಸಾಕ್ಷಿ ನುಡಿಯಬೇಕು. ಬೆಂಗಳೂರಿನ ಎರಡು ನಿಧಿಗಳೂ ಬೇರೆ ಕಾರ್ಯಕ್ಕಾಗಿ ಅಗೆದಾಗ ದೊರೆತವು. ಶಾಸ್ತ್ರೀಯವಾದ ಉತ್ಖನನದಲ್ಲಿ ಪದರಪದರವಾಗಿ ಬಿಡಿಸಿ ಕಂಡವುಗಳಲ್ಲ. ನಾಣ್ಯಗಳು ಉಳಿದುವು, ಮಣ್ಣು ಚದುರಿಹೋಯಿತು.

3

ಈ ಹಣವು ನಮ್ಮ ನಾಡಿಗೆ ಬಂದ ಬಗೆಯನ್ನು ಗ್ರೀಕ್ ಮತ್ತು ಲ್ಯಾಟಿನ್ ಗ್ರಂಥಗಳಿಂದ ಸಾಕಷ್ಟು ತಿಳಿಯಬಹುದಾಗಿದೆ. ಮುಂಗಾರು ಗಾಳಿಯ ಬೆನ್ನೇರಿ ಈಜಿಪ್ಟಿನ ಕೆಂಪು ಸಮುದ್ರದ ರೇವುಗಳಿಂದ ಹೊರಟ ಹಡಗುಗಳು ಅರಬ್ಬೀ ಸಮುದ್ರವನ್ನು ನೇರವಾಗಿ ದಾಟಿ ಮಲಬಾರಿನ ಮುಜಿರಿಸ್ ಮೊದಲಾದ ಪಟ್ಟಣಗಳನ್ನು ಸೇರುತ್ತಿದ್ದುವು. ಹೆಸರು ತಿಳಿಯದ ಗ್ರೀಕ್ ನಾವಿಕನೊಬ್ಬನು ಕ್ರಿಸ್ತಶಕ ಒಂದನೆಯ ಶತಮಾನದ ಮಧ್ಯದಲ್ಲಿ ಬರೆದ ‘ಪೆರಿಪ್ಲಸ್’ ಎಂಬ ಕೈಪಿಡಿಯಲ್ಲಿ ಈ ವ್ಯಾಪಾರದ ವಿವರಗಳಿವೆ. ಎರಡನೆಯ ಶತಮಾನದ ಭೂಗೋಳಜ್ಞನಾದ ಟಾಲೆಮಿಯು ಬನವಾಸಿಯನ್ನು ಹೆಸರಿಸಿರುವುದಲ್ಲದೆ, ವೈಡೂರ್ಯವು ದೊರೆಯುವ ‘ಪೌನ್ನಾಟ’ವನ್ನೂ ಹೇಳಿದ್ದಾನೆ. ಕಪಿಲಾ ನದಿಯ ಪ್ರಾಂತದ ಪುನ್ನಾಟವೇ ಇದೆಂಬುದು ಸಾಮಾನ್ಯವಾಗಿ ಒಪ್ಪಿತವಾದ ಅಭಿಪ್ರಾಯ. ರೋಮನ್ ಲೇಖಕ ಪ್ಲಿನಿಯು, ಭಾರತವು ವರ್ಷವರ್ಷವೂ 5 ಕೋಟಿ ಸೆಸ್ಟರ್ಸುಗಳನ್ನು ಸಾಮ್ರಾಜ್ಯದಿಂದ ಸೆಳೆದುಕೊಳ್ಳುತ್ತಿದೆಯೆಂದು ಆಕ್ಷೇಪಿಸಿದ್ದಾನೆ. ನಾಲ್ಕು ಸೆಸ್ಟರ್ಸಿಗೆ ಒಂದು ದಿನಾರಿಯಸ್. ಪ್ಲಿನಿಯ ಲೆಕ್ಕವು ಎಷ್ಟರಮಟ್ಟಿಗೆ ನಿಷ್ಕೃಷ್ಟವೆಂಬುದು ಚರ್ಚಾಸ್ಪದವೇ ಸರಿ. ಆದರೆ ನಾಣ್ಯವು ಹರಿದುಬಂದ ದಿಕ್ಕಿನ ವಿಷಯದಲ್ಲಿ ಸಂಶಯವಿಲ್ಲ.

ಪಶ್ಚಿಮ ಕರಾವಳಿಯಿಂದ ಪಾಲಘಾಟಿನ ಕಣಿವೆಯ ಮೂಲಕ ಕೊಯಮತ್ತೂರು ಸೀಮೆಗೆ ಬಂದ ದಾರಿಯುದ್ದಕ್ಕೂ ಇಂತಹ ನಿಧಿಗಳು ದೊರೆತಿವೆ. 1842ರಲ್ಲಿ ವೆಲ್ಲಲೂರಿನಲ್ಲಿ ದೊರೆತ ನಿಧಿಯೊಂದರಲ್ಲಿಯೇ 500ಕ್ಕೂ ಹೆಚ್ಚು ದಿನಾರಿಯಸ್‌ಗಳಿದ್ದುವು. ಆ ದಾರಿಯಿಂದ ಉತ್ತರಕ್ಕೆ ಘಟ್ಟವೇರಿದರೆ ಬೆಂಗಳೂರಿನ ಪ್ರಸ್ಥಭೂಮಿ. ಆದುದರಿಂದ ನಮ್ಮ ಊರಿನ ನಾಣ್ಯಗಳನ್ನು ತಂದವರು ರೋಮನರೇ ಆಗಿರಬೇಕೆಂದು ಭಾವಿಸಲು ಕಾರಣವಿಲ್ಲ. ಕೈಯಿಂದ ಕೈಗೆ, ಸಂತೆಯಿಂದ ಸಂತೆಗೆ ಸಾಗಿ ಬೆಳ್ಳಿಯು ಇಲ್ಲಿಯವರೆಗೆ ಬಂದಿರುವುದೇ ಹೆಚ್ಚು ಸಂಭವನೀಯ. ಇನ್ನೂ ಕೆಲವು ಶತಮಾನಗಳ ಅನಂತರ ಹಾನಗಲ್ಲು ತಾಲ್ಲೂಕಿನ ಅಕ್ಕಿಆಲೂರಿನವರೆಗೆ ಪೂರ್ವ ರೋಮನ್ ಚಕ್ರವರ್ತಿಗಳ ಚಿನ್ನದ ನಾಣ್ಯಗಳು ಬಂದುವೆಂಬುದನ್ನು ನೆನೆದರೆ, ಈ ಸಂಪರ್ಕವು ಒಂದೆರಡು ತಲೆಮಾರಿಗೆ ಮುಗಿದುದಲ್ಲವೆಂದು ತಿಳಿದುಬರುತ್ತದೆ.

4

ಈಗ ರೋಮಿನ ಊರುಗಳ ಕಡೆಗೆ ಒಂದು ಸಲ ತಿರುಗಿ ನೋಡೋಣ. ಪ್ಲಿನಿಯು ಕ್ರಿ.ಶ. 79ರಲ್ಲಿ ವೆಸೂವಿಯಸ್ ಪರ್ವತವು ಬೆಂಕಿಯುಗುಳಿದಾಗ ಮಡಿದನು. ಪೊಂಪೆ ಪಟ್ಟಣವನ್ನು ಬೂದಿಯಲ್ಲಿ ಹೂತುಬಿಟ್ಟುದೂ ಅದೇ ಉತ್ಪಾತವೇ. 1748ರಲ್ಲಿ ಅಲ್ಲಿ ಅಗೆತವು ಆರಂಭವಾಯಿತು. ಆದರೆ ಮೊದಲಿನ ನೂರು ವರ್ಷಗಳ ಅಗೆತವು ಬಹುಮಟ್ಟಿಗೆ ನಿಧಿಶೋಧನೆಯೇ ಆಗಿದ್ದಿತು. ಪ್ರತಿಮೆಗಳನ್ನೂ ಭಿತ್ತಿಚಿತ್ರಗಳನ್ನೂ ಕಿತ್ತು ಅರಮನೆಗೆ ಸಾಗಿಸುವುದೇ ಗುರಿಯಾಗಿದ್ದು, ಮನೆಯು ಯಾರದು, ವಸ್ತುವು ಯಾವ ಕೋಣೆಯದು ಎಂಬ ವಿಚಾರವು ಅಗೆಯುವವರಿಗೆ ಮುಖ್ಯವಾಗಿರಲಿಲ್ಲ. 1863ರಲ್ಲಿ ನಿರ್ದೇಶಕನಾದ ಜುಸೆಪ್ಪೆ ಫಿಯೊರೆಲ್ಲಿಯು ಪಟ್ಟಣವನ್ನು ವಿಭಾಗಗಳಾಗಿಯೂ ಕೇರಿಗಳಾಗಿಯೂ ವಿಂಗಡಿಸಿ, ಪ್ರತಿಯೊಂದು ಬಾಗಿಲಿಗೂ ಸಂಖ್ಯೆ ಕೊಟ್ಟು, ಮೇಲಿನಿಂದ ಕೆಳಕ್ಕೆ ಪದರಪದರವಾಗಿ ಅಗೆಯುವ ಕ್ರಮವನ್ನು ನೆಲೆಗೊಳಿಸಿದನು. ಅಂದಿನಿಂದ ಪೊಂಪೆಯು ವಿಸ್ಮಯದ ವಸ್ತುಗಳ ಗಣಿಯಾಗಿರುವುದನ್ನು ಬಿಟ್ಟು ಒಂದು ಊರಾಗಿ ಕಾಣತೊಡಗಿತು.

ಈ ಕ್ರಮದ ಫಲವು ನಮಗೂ ದೊರೆತಿದೆ. 1938ರಲ್ಲಿ ಪೊಂಪೆಯ ಮನೆಯೊಂದರಲ್ಲಿ ಗೇಣುದ್ದಕ್ಕಿಂತ ತುಸು ಎತ್ತರವಾದ ದಂತದ ಸ್ತ್ರೀಮೂರ್ತಿಯೊಂದು ದೊರೆಯಿತು. ಮೈತುಂಬ ಒಡವೆಗಳನ್ನು ತೊಟ್ಟು, ಇಬ್ಬದಿಯಲ್ಲಿ ಪುಟ್ಟ ಸೇವಕಿಯರನ್ನುಳ್ಳ ಈ ಮೂರ್ತಿಯು ಭಾರತದ ಕೆಲಸವೆಂಬುದರಲ್ಲಿ ಎರಡು ಮಾತಿಲ್ಲ. ಮೊದಲಲ್ಲಿ ಇದನ್ನು ಲಕ್ಷ್ಮಿಯೆಂದು ಕರೆದರು. ಈಗ ಯಕ್ಷಿಯೆಂದು ಹಲವರು ಭಾವಿಸುತ್ತಾರೆ. ಇದಕ್ಕೆ ಹೋಲುವ ದಂತದ ಕೆಲಸಗಳು ದಖನ್ನಿನ ತೇರ್ ಮತ್ತು ಭೋಕರ್ದನ್ ನೆಲೆಗಳಲ್ಲಿ ದೊರೆತಿರುವುದರಿಂದ ಇದರ ತೌರು ದಖನ್ನೇ ಆಗಿರಬಹುದು. ಕ್ರಿ.ಶ. 79ಕ್ಕೆ ಅನಂತರ ಇದು ಆ ಮನೆಯನ್ನು ಸೇರಿರುವುದು ಅಶಕ್ಯ. ಹೀಗೆ ಭಾರತದ ವಸ್ತುವೊಂದರ ಕಾಲವು ಇಟಲಿಯ ಬೂದಿಯಿಂದ ನಿಶ್ಚಯವಾಯಿತು. ಅದೇ ಶತಮಾನದ ರೋಮಿನ ಹಣವು ನಮ್ಮ ಯಶವಂತಪುರದಲ್ಲಿ ದೊರೆತಾಗ, ನಮ್ಮ ಮಣ್ಣು ಅದಕ್ಕೆ ಅಂತಹ ಉಪಕಾರವನ್ನು ಮಾಡಲು ಅವಕಾಶವಿಲ್ಲದೆ ಹೋಯಿತು.

5

ಪೊಂಪೆಗೆ ವಿದ್ಯಾರ್ಥಿಗಳನ್ನು ಕರೆದೊಯ್ಯುವ ಶಕ್ತಿ ನಮಗಿಲ್ಲ. ಆದರೆ ರೋಮಿನ ನಾಣ್ಯವು ತನ್ನ ಮಣ್ಣಿನೊಡನೆಯೇ ದೊರೆತ ನೆಲೆಯೊಂದು ಬೆಂಗಳೂರಿನಿಂದ ಸುಮಾರು 200 ಕಿಲೋಮೀಟರು ದೂರದಲ್ಲಿದೆ. ಅದು ಚಿತ್ರದುರ್ಗದ ಚಂದ್ರವಳ್ಳಿ. ಕಳೆದ ಚಳಿಗಾಲದಲ್ಲಿ ವಿದ್ಯಾರ್ಥಿಗಳ ಒಂದು ಸಣ್ಣ ತಂಡದೊಡನೆ ಅಲ್ಲಿಗೆ ಹೋಗಿದ್ದೆವು. ಪ್ರಶ್ನೆ ಕೇಳಿದ ವಿದ್ಯಾರ್ಥಿಯೂ ಜೊತೆಯಲ್ಲಿದ್ದನು.

ಚಿತ್ರದುರ್ಗದ ಬೆಟ್ಟ, ಕಿರುಬನಕಲ್ಲು, ಚೋಳಗುಡ್ಡ ಇವುಗಳ ನಡುವಣ ಕಣಿವೆಯಲ್ಲಿ, ದುಂಡಗಿನ ಹೆಬ್ಬಂಡೆಗಳ ನೆರಳಿನಲ್ಲಿ ಕೆರೆಯೊಂದಿದೆ. ಪ್ರವಾಸಿಗಳಲ್ಲಿ ಹೆಚ್ಚಿನವರು ಅಂಕಲಿ ಮಠದ ಗುಹೆಗಳನ್ನು ನೋಡಿ ಹಿಂದಿರುಗುತ್ತಾರೆ. ಭೈರವೇಶ್ವರ ದೇವಾಲಯದ ಬಳಿಯ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಪ್ರಾಕೃತ ಶಾಸನವಿದೆ. ಕೆರೆಯ ನಿರ್ಮಾಣವನ್ನು ಹೇಳುವ ಈ ಚಿಕ್ಕ ಶಾಸನವನ್ನು ಡಾ. ಎಂ. ಎಚ್. ಕೃಷ್ಣ ಅವರು 1929ರ ವರದಿಯಲ್ಲಿ ಪ್ರಕಟಿಸಿದರು. ಅವರ ಓದಿನ ಪ್ರಕಾರ ಮಯೂರಶರ್ಮನು ಗೆದ್ದ ರಾಜರ ಪಟ್ಟಿಯೊಂದು ಅದರಲ್ಲಿದೆ. ಅನಂತರದ ಸಂಶೋಧಕರು ಆ ಓದನ್ನು ಪ್ರಶ್ನಿಸಿದ್ದಾರೆ. ಶಾಸನವು ಇದ್ದ ಕಡೆಯಲ್ಲಿಯೇ ಇರುವುದರಿಂದ ಈ ಮರುಪರಿಶೀಲನೆ ಸಾಧ್ಯವಾಯಿತೆಂಬುದನ್ನು ಇಲ್ಲಿಯೇ ಹೇಳಿಬಿಡಬಹುದು.

ಶಾಸನವನ್ನು ನೋಡಿಯಾದ ಮೇಲೆ ಪ್ರಾಚೀನ ಊರು ಇದ್ದ ನೆಲಕ್ಕೆ ಬಂದೆವು. ವಿದ್ಯಾರ್ಥಿಗಳ ಮುಖದಲ್ಲಿ ನಿರಾಶೆ ಎದ್ದು ಕಾಣುತ್ತಿದ್ದಿತು. ತರಗತಿಯಲ್ಲಿ ಪೊಂಪೆಯ ಚಿತ್ರಗಳನ್ನು ಕಂಡಿದ್ದ ಅವರಿಗೆ ಇಲ್ಲಿ ಕಂಬಗಳ ಸಾಲಾಗಲಿ, ಕಲ್ಲು ಹಾಸಿದ ಬೀದಿಯಾಗಲಿ, ರಂಗಮಂದಿರವಾಗಲಿ ಕಾಣಲಿಲ್ಲ. “ಇಲ್ಲಿ ನೋಡುವುದಕ್ಕೆ ಏನಿದೆ, ಸಾರ್?” ಎಂದು ಒಬ್ಬಳು ಕೇಳಿದಳು. 1947ರ ಉತ್ಖನನದ ವರದಿಯು ಅಚ್ಚಾಗಿರುವ ‘ಏನ್ಷಿಯಂಟ್ ಇಂಡಿಯಾ’ ಪತ್ರಿಕೆಯ ನಾಲ್ಕನೆಯ ಸಂಚಿಕೆಯನ್ನು ಬಂಡೆಯ ಮೇಲೆ ಬಿಡಿಸಿಟ್ಟು, ಅದರಲ್ಲಿನ ಸ್ತರಗಳ ನಕ್ಷೆಯನ್ನು ಎಲ್ಲರೂ ಸುತ್ತಲೂ ನಿಂತು ಓದಿದೆವು. ಕಾಲ ಕೆಳಗಿನ ನೆಲವೇ ನಮ್ಮ ಪಠ್ಯವೆಂಬುದು ಆಗ ಸ್ವಲ್ಪಸ್ವಲ್ಪವಾಗಿ ಮನದಟ್ಟಾಯಿತು.

ಚಂದ್ರವಳ್ಳಿಯಲ್ಲಿ ಮೈಸೂರು ಪ್ರಾಕ್ತನ ಇಲಾಖೆಯ ಪರವಾಗಿ ಡಾ. ಕೃಷ್ಣ ಅವರು ನಡೆಸಿದ ಶೋಧನೆಯಲ್ಲಿ ಶಾತವಾಹನರ ನಾಣ್ಯಗಳೊಡನೆ ಆಗಸ್ಟಸನ ಬೆಳ್ಳಿಯ ನಾಣ್ಯವೂ ದೊರೆತಿದ್ದಿತು. ಭಾರತೀಯ ಪುರಾತತ್ತ್ವ ಸರ್ವೇಕ್ಷಣದ ಮಹಾನಿರ್ದೇಶಕರಾಗಿದ್ದ ಮಾರ್ಟಿಮರ್ ವ್ಹೀಲರ್ ಅವರು 1947ರಲ್ಲಿ ಇಲ್ಲಿಯೂ, ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿಯೂ ಅಗೆದರು. ಬ್ರಹ್ಮಗಿರಿಯು ಅಶೋಕನ ಶಾಸನವಿರುವ ಸ್ಥಳ. 1892ರಲ್ಲಿ ಬಿ. ಎಲ್. ರೈಸ್ ಅವರು ಅದನ್ನು ಕಂಡುಹಿಡಿದಿದ್ದರು. ಅಲ್ಲಿ ವ್ಹೀಲರರಿಗೆ ಮೂರು ಸಂಸ್ಕೃತಿಗಳು ಒಂದರ ಮೇಲೊಂದು ಪದರಗಳಾಗಿ ಕಂಡುವು. ಎಲ್ಲಕ್ಕಿಂತ ಕೆಳಗೆ ನಯಗೊಳಿಸಿದ ಕಲ್ಲುಗೊಡಲಿಯ ಜನರು, ಅವರ ಮೇಲೆ ಕಬ್ಬಿಣವನ್ನು ಬಲ್ಲ ಬೃಹತ್ ಶಿಲಾಸಮಾಧಿಗಳ ಜನರು, ಮೇಲೆ ಶಾತವಾಹನರ ಕಾಲದ ಊರು. ಆದರೆ ಈ ಪದರಗಳ ವಯಸ್ಸನ್ನು ಅಳೆಯುವ ಬಗೆ ಹೇಗೆ?

ಇದಕ್ಕೆ ಕೀಲಿಕೈಯನ್ನು ಒದಗಿಸಿದುದು ರೋಮ್. 1945ರಲ್ಲಿ ವ್ಹೀಲರರು ಪುದುಚೇರಿಯ ಬಳಿಯ ಅರಿಕಮೇಡಿನಲ್ಲಿ ಅಗೆದಾಗ ಇಟಲಿಯ ಅರೆಟೈನ್ ಎಂಬ ಕೆಂಪು ಹೊಳಪಿನ ಪಾತ್ರೆಗಳ ಚೂರುಗಳು ದೊರೆತಿದ್ದುವು. ಕುಂಬಾರನ ಮುದ್ರೆಯುಳ್ಳ ಈ ಪಾತ್ರೆಗಳು ಕ್ರಿಸ್ತಶಕದ ಆರಂಭದ ದಶಕಗಳವೆಂದು ಇಟಲಿಯ ನೆಲೆಗಳಿಂದ ಗೊತ್ತಿದ್ದಿತು. ಅವುಗಳೊಡನೆ ಒಳಮೈಯಲ್ಲಿ ಚುಕ್ಕೆಗೆರೆಗಳು ಉಂಗುರವಾಗಿ ಮೂಡಿರುವ ಒಂದು ಬಗೆಯ ತಟ್ಟೆಗಳೂ ದೊರೆತವು. ಅದೇ ಬಗೆಯ ತಟ್ಟೆಯ ಚೂರುಗಳು ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಗಳ ಮೇಲಿನ ಪದರಗಳಲ್ಲಿ ಕಂಡುಬಂದುವು. ಚಂದ್ರವಳ್ಳಿಯಲ್ಲಿ ಆ ಪದರಗಳಲ್ಲಿಯೇ ಟೈಬೀರಿಯಸನ ದಿನಾರಿಯಸ್ ಒಂದು ದೊರೆಯಿತು. ಹೀಗೆ ಇಟಲಿಯ ಪಾತ್ರೆಯಿಂದ ಅರಿಕಮೇಡಿನ ತಟ್ಟೆಗೆ, ಅಲ್ಲಿಂದ ಚಿತ್ರದುರ್ಗದ ಪದರಕ್ಕೆ ಕೊಂಡಿಗಳು ಕೂಡಿದುವು. ಇದರ ಆಧಾರದ ಮೇಲೆ ಶಾತವಾಹನ ಕಾಲದ ಊರು ಕ್ರಿ.ಶ. ಒಂದನೆಯ ಶತಮಾನದ ಮಧ್ಯದಲ್ಲಿ ಆರಂಭವಾಯಿತೆಂದೂ, ಬೃಹತ್ ಶಿಲಾಸಮಾಧಿಗಳ ಸಂಸ್ಕೃತಿಯು ಕ್ರಿ.ಪೂ. 200ರ ಸುಮಾರಿನಲ್ಲಿ ಬಂದಿತೆಂದೂ ವ್ಹೀಲರರು ನಿರ್ಣಯಿಸಿದರು. ದಕ್ಷಿಣ ಭಾರತದ ಪ್ರಾಕ್ತನ ಇತಿಹಾಸದ ಕಾಲಗಣನೆಗೆ ಇದು ಬಹುಕಾಲ ಅಡಿಗಲ್ಲಾಯಿತು.

ಈ ನಿರ್ಣಯವು ಹಾಗೆಯೇ ಉಳಿಯಲಿಲ್ಲವೆಂಬುದು ಇನ್ನೂ ಮುಖ್ಯವಾದ ಪಾಠ. ವಿಕಿರಣ ಇಂಗಾಲದ ಪರೀಕ್ಷೆಯು ಬಂದ ಮೇಲೆ ಶಿಲಾಸಮಾಧಿಗಳ ಸಂಸ್ಕೃತಿಯೂ, ಕಲ್ಲುಗೊಡಲಿಯ ಜನರೂ ವ್ಹೀಲರರು ಎಣಿಸಿದುದಕ್ಕಿಂತ ಎಷ್ಟೋ ಶತಮಾನಗಳು ಹಳಬರೆಂದು ತಿಳಿಯಿತು. ಅರಿಕಮೇಡಿನಲ್ಲಿ 1989ರಿಂದ 1992ರವರೆಗೆ ಮತ್ತೆ ಉತ್ಖನನವನ್ನು ನಡೆಸಿದ ವಿಮಲಾ ಬೆಗ್ಲಿ ಅವರು, ಚುಕ್ಕೆಗೆರೆಯ ತಟ್ಟೆಗಳು ಭಾರತದಲ್ಲಿಯೇ ತಯಾರಾದುವೆಂದೂ, ರೋಮನ್ ವ್ಯಾಪಾರವು ಬೆಳೆಯುವುದಕ್ಕೆ ಮೊದಲೇ ಆ ಊರು ಇದ್ದಿತೆಂದೂ ವಾದಿಸಿದರು. ರೋಮನರು ಬಂದುದರಿಂದ ನಮ್ಮ ಪಟ್ಟಣಗಳು ಹುಟ್ಟಿದುವೆಂಬ ಭಾವನೆಯು ಇದರಿಂದ ಸಡಿಲವಾಯಿತು. ಪಟ್ಟಣಗಳು ಇದ್ದುವು, ಅವುಗಳ ಸಂತೆಗೆ ರೋಮಿನ ಬೆಳ್ಳಿಯು ಬಂದಿತು.

ವ್ಹೀಲರರ ಕಾಲಗಣನೆಯು ತಪ್ಪಾದರೂ ಅವರ ಕೆಲಸವು ವ್ಯರ್ಥವಾಗಲಿಲ್ಲ. ಯಾವ ಚೂರು ಯಾವ ಪದರದಲ್ಲಿ ದೊರೆಯಿತೆಂಬುದನ್ನು ಅವರು ಬರೆದಿಟ್ಟಿದ್ದರು. ಬರೆದಿಟ್ಟುದರಿಂದಲೇ ಮುಂದಿನವರು ಅವರನ್ನು ತಿದ್ದಲು ಸಮರ್ಥರಾದರು. ಚಂದ್ರವಳ್ಳಿಯ ಒಂದು ನಾಣ್ಯವನ್ನು ಇಂದಿಗೂ ಪ್ರಶ್ನಿಸಬಹುದು, ಬೆಂಗಳೂರಿನ ನಾನ್ನೂರು ನಾಣ್ಯಗಳನ್ನು ಹೀಗೆ ಪ್ರಶ್ನಿಸಲಾಗದು. ತಿದ್ದಲು ಅವಕಾಶವಿರುವ ತಪ್ಪು ಇತಿಹಾಸಕ್ಕೆ ಉಪಕಾರಿಯೇ. ಆಧಾರವು ಅಳಿದಲ್ಲಿ ಮಾತ್ರ ತಪ್ಪೂ ಇಲ್ಲ, ಸರಿಯೂ ಇಲ್ಲ, ಬರಿಯ ಊಹೆಯುಂಟು.

6

ಊಹೆಯ ವಿಷಯದಲ್ಲಿ ಕನ್ನಡಿಗರಾದ ನಮಗೆ ಪರಿಚಿತವಾದ ಇನ್ನೊಂದು ಉದಾಹರಣೆಯನ್ನು ಇಲ್ಲಿ ಸ್ಮರಿಸಬಹುದು. ಈಜಿಪ್ಟಿನಲ್ಲಿ ರೋಮನ್ ಆಳ್ವಿಕೆಯ ಕಾಲದ ಆಕ್ಸಿರಿಂಕಸ್ ಪಟ್ಟಣದ ಹಾಳು ತಿಪ್ಪೆಗಳಿಂದ ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ವಿದ್ವಾಂಸರು ಸಾವಿರಾರು ಪಪೈರಸ್ ಹಾಳೆಗಳನ್ನು ಹೊರತೆಗೆದರು. 1903ರಲ್ಲಿ ಅಚ್ಚಾದ ಅವುಗಳಲ್ಲಿ ಒಂದು ಗ್ರೀಕ್ ಪ್ರಹಸನವಿದೆ. ಭಾರತದ ತೀರದಲ್ಲಿ ಸೆರೆಯಾದ ಕ್ಯಾರಿಟಿಯನ್ ಎಂಬ ಹೆಂಗಸಿನ ಬಿಡುಗಡೆ ಅದರ ಕಥೆ. ಅದರ ಕೆಲವು ಪಾತ್ರಗಳು ಗ್ರೀಕಲ್ಲದ ಭಾಷೆಯೊಂದನ್ನಾಡುತ್ತವೆ. ಅದು ಕನ್ನಡವಾಗಿರಬಹುದೆಂದು 1904ರಲ್ಲಿ ಹುಲ್ಚ್ ಅವರು ಸೂಚಿಸಿದರು. ಆರ್. ಶಾಮಶಾಸ್ತ್ರಿ, ಮಂಜೇಶ್ವರದ ಗೋವಿಂದ ಪೈ ಮೊದಲಾದ ಹಿರಿಯರು ಇದನ್ನು ಆಸ್ಥೆಯಿಂದ ಪರಿಶೀಲಿಸಿದರು. 1926ರಲ್ಲಿ ಎಲ್. ಡಿ. ಬಾರ್ನೆಟ್ ಅವರು ಇದನ್ನು ಒಪ್ಪಲಿಲ್ಲ. ಇಂದಿಗೂ ಈ ಪ್ರಶ್ನೆ ಇತ್ಯರ್ಥವಾಗಿಲ್ಲ.

ರೋಮನ್ ಊರಿನ ತಿಪ್ಪೆಯಲ್ಲಿ ಕನ್ನಡದ ನುಡಿಯೊಂದು ಉಳಿದಿದ್ದರೆ ಅದಕ್ಕಿಂತ ಹೆಚ್ಚಿನ ಸಂತೋಷವಿಲ್ಲ. ಆದರೆ ಸಂತೋಷವು ಪ್ರಮಾಣವಾಗಲಾರದು. ನಮ್ಮ ಪುಣ್ಯದಿಂದ ಹಾಳೆಯು ಉಳಿದಿದೆ, ವಾದಪ್ರತಿವಾದಗಳೂ ಅಚ್ಚಿನಲ್ಲಿವೆ, ಹೊಸ ಕಣ್ಣು ಅದನ್ನು ಮತ್ತೆ ಓದಬಹುದು. ಮರುಭೂಮಿಯ ಜನರು ಎಸೆದ ಕಸವೂ ಎರಡು ಸಾವಿರ ವರ್ಷಗಳ ಮೇಲೆ ಇಷ್ಟು ಮಾತನಾಡುವಾಗ, ನಮ್ಮ ಊರುಗಳ ಹಳೆಯ ತಿಪ್ಪೆಗಳೂ ಪಾಳುದಿಣ್ಣೆಗಳೂ ಮಾತನಾಡಲಾರವೆಂದು ಹೇಗೆ ಹೇಳುವುದು?

7

ಚಂದ್ರವಳ್ಳಿಯಿಂದ ಮತ್ತೆ ಬೆಂಗಳೂರಿನ ಪೂರ್ವಭಾಗಕ್ಕೆ ಬರೋಣ. ಬೆಂಗಳೂರಿನ ಸುತ್ತಲೂ ಪ್ರಾಚೀನ ಜನವಸತಿ ಇದ್ದಿತೆಂಬುದಕ್ಕೆ ಚಿಕ್ಕಜಾಲದ ಶಿಲಾಸಮಾಧಿಗಳು ಸಾಕ್ಷಿ. ಈಚಿನ ವರ್ಷಗಳಲ್ಲಿ ಬೆಳಕಿಗೆ ಬಂದ ಹೆಬ್ಬಾಳದ ಕಿತ್ತಯ್ಯನ ಶಾಸನವು ಸುಮಾರು ಕ್ರಿ.ಶ. 750ರದು. ಬೆಂಗಳೂರೆಂಬ ಹೆಸರನ್ನು ಹೇಳುವ ಬೇಗೂರಿನ ವೀರಗಲ್ಲು ಸುಮಾರು ಕ್ರಿ.ಶ. 900ರದು. ಶಿಲಾಸಮಾಧಿಗಳಿಗೂ ಈ ಶಾಸನಗಳಿಗೂ ನಡುವೆ ನೂರಾರು ವರ್ಷಗಳ ಮಬ್ಬುಗತ್ತಲಿದೆ. ಆ ಕತ್ತಲಿನಲ್ಲಿ ಮಿನುಗುವುದು ಯಶವಂತಪುರ ಮತ್ತು ಎಚ್.ಎ.ಎಲ್. ಪ್ರದೇಶಗಳ ಬೆಳ್ಳಿ ಮಾತ್ರ. ಹಣವನ್ನು ಕೂಡಿಟ್ಟವನಿಗೆ ಮನೆಯಿದ್ದಿರಬೇಕು. ಮನೆಯಿದ್ದಲ್ಲಿ ಕೇರಿ, ಬಾವಿ, ಕುಂಬಾರನ ಆವಿಗೆ ಇದ್ದಿರಬೇಕು. ಅವು ಎಲ್ಲಿದ್ದುವು?

ಬ್ರೂಕ್‌ಫೀಲ್ಡ್ ಎಂಬ ಹೆಸರು ತೀರ ಈಚಿನದು. ಆದರೆ ಅದರ ಸುತ್ತಲಿನ ಕುಂದಲಹಳ್ಳಿ, ಹೂಡಿ, ವರ್ತೂರು ಇವು ಕೆರೆಗಳನ್ನು ನಂಬಿ ಬಾಳಿದ ಹಳೆಯ ಊರುಗಳು. 1882ರಲ್ಲಿ ಮೈಸೂರಿನ ಮಹಾರಾಜರು ಆಂಗ್ಲೋ-ಇಂಡಿಯನ್ ಸಮಾಜಕ್ಕೆ ಭೂಮಿಯನ್ನು ಕೊಟ್ಟುದರಿಂದ ವೈಟ್‌ಫೀಲ್ಡ್ ನೆಲೆಗೊಂಡಿತು. 1990ರ ದಶಕದಲ್ಲಿ ಅಲ್ಲಿ ತಂತ್ರಜ್ಞಾನ ಪಾರ್ಕು ಬಂದ ಮೇಲೆ ಹೊಲಗಳು ಬಡಾವಣೆಗಳಾದುವು. 2008ರಲ್ಲಿ ನಾಗರಿಕ ವಿಮಾನಗಳು ದೇವನಹಳ್ಳಿಗೆ ಹೋದ ಮೇಲೂ, 2023ರಲ್ಲಿ ಮೆಟ್ರೋ ರೈಲು ಬಂದ ಮೇಲೂ ಈ ಬೆಳವಣಿಗೆ ಕುಗ್ಗಲಿಲ್ಲ. ಈಗ ಏಳುತ್ತಿರುವ ಕಟ್ಟಡಗಳಿಗೆ ನೆಲದ ಕೆಳಗೆ ಎರಡು ಮೂರು ಅಂತಸ್ತುಗಳ ವಾಹನಶಾಲೆ ಬೇಕು. ಜೆಸಿಬಿ ಯಂತ್ರವು ಎರಡು ಸಾವಿರ ವರ್ಷಗಳ ಮಣ್ಣನ್ನು ಒಂದೆರಡು ವಾರಗಳಲ್ಲಿ ತೋಡಿ ಲಾರಿಗೆ ತುಂಬುತ್ತದೆ. 1891ರ ಕೂಲಿಕಾರನ ಗುದ್ದಲಿಗೆ ತಗುಲಿದ ನಾಣ್ಯವು ಕಣ್ಣಿಗಾದರೂ ಬೀಳುತ್ತಿದ್ದಿತು. ಯಂತ್ರದ ಬಕೀಟಿಗೆ ಸಿಕ್ಕಿದುದು ಅಷ್ಟೂ ಕಾಣಿಸದು.

ಊರು ಬೆಳೆಯಬಾರದೆಂದು ನಾನು ಹೇಳುತ್ತಿಲ್ಲ. ಆ ಬೆಳವಣಿಗೆಯ ಫಲವಾದ ಮನೆಯಲ್ಲಿಯೇ ನಾನೂ ಇದ್ದೇನೆ. ಆದರೆ ಅಧ್ಯಾಪಕರೂ ವಿದ್ಯಾರ್ಥಿಗಳೂ ಮಾಡಬಹುದಾದ ಕೆಲಸವು ಸ್ವಲ್ಪವಿದೆ. ನೆಲದಲ್ಲಿ ಹುದುಗಿದ್ದ ನಿಧಿಯು ದೊರೆತರೆ ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕೆಂಬ ನಿಯಮವು 1878ರ ಕಾಯಿದೆಯ ಕಾಲದಿಂದ ಬಂದಿದೆ. ನಮ್ಮ ರಾಜ್ಯದಲ್ಲಿ 1962ರ ಕಾಯಿದೆಯೂ ಇದೆ. ಇದು ಬಹುಮಂದಿಗೆ ತಿಳಿಯದು. ಬೆಳ್ಳಿಬಂಗಾರವಿಲ್ಲದಿದ್ದರೂ, ಅಡಿಪಾಯದ ಹಳ್ಳದ ಗೋಡೆಯಲ್ಲಿ ಬೂದಿಯ ಪದರವೋ, ಕಪ್ಪುಕೆಂಪು ಬಣ್ಣದ ಬೋಕಿಯ ಚೂರುಗಳೋ, ದೊಡ್ಡ ಅಳತೆಯ ಇಟ್ಟಿಗೆಯೋ ಕಂಡರೆ, ಅದನ್ನು ಕೀಳದೆ, ಸ್ಥಳ, ಆಳ, ದಿನಾಂಕಗಳನ್ನು ಬರೆದುಕೊಂಡು, ಅಳತೆಯ ಕೋಲನ್ನಿಟ್ಟು ಛಾಯಾಚಿತ್ರ ತೆಗೆದು, ರಾಜ್ಯದ ಪುರಾತತ್ತ್ವ ಇಲಾಖೆಗೆ ತಿಳಿಸಬೇಕು. ಪ್ರತಿಯೊಂದು ಕಾಲೇಜೂ ತನ್ನ ಸುತ್ತಲಿನ ಐದಾರು ಹಳ್ಳಿಗಳ ಕೆರೆ, ವೀರಗಲ್ಲು, ಪಾಳುದಿಣ್ಣೆ, ಹೊಲಗಳ ಹೆಸರುಗಳನ್ನು ಪಟ್ಟಿಮಾಡಿಟ್ಟರೆ ಅದೇ ಒಂದು ಸಂಶೋಧನೆಯಾಗುತ್ತದೆ. ಹೊಲದ ಹೆಸರನ್ನು ಬಲ್ಲ ಹಿರಿಯರು ಇನ್ನೂ ಈ ಹಳ್ಳಿಗಳಲ್ಲಿದ್ದಾರೆ. ಅವರನ್ನು ಕೇಳುವವರು ಕಡಮೆ.

ಚಂದ್ರವಳ್ಳಿಯಿಂದ ಹಿಂದಿರುಗುವಾಗ ವಿದ್ಯಾರ್ಥಿಯ ಪ್ರಶ್ನೆಗೆ ನಾನು ಮತ್ತೊಮ್ಮೆ ಉತ್ತರ ಹೇಳಿದೆನು. ನಮ್ಮ ಕಡೆ ರೋಮನರ ಪಟ್ಟಣವಿದ್ದಿತೆನ್ನಲು ಯಾವ ಆಧಾರವೂ ಇಲ್ಲ. ರೋಮಿನ ಹಣವನ್ನು ಬಲ್ಲ ನಮ್ಮವರ ಊರೊಂದು ಇದ್ದಿರಬಹುದು. ಅದನ್ನು ಈವರೆಗೆ ಯಾರೂ ಕಂಡಿಲ್ಲ, ಅದರ ಮೇಲೆ ಈಗ ಮನೆ ಕಟ್ಟುತ್ತಿರಲೂಬಹುದು. ಆತನು ಸ್ವಲ್ಪ ಹೊತ್ತು ಸುಮ್ಮನಿದ್ದು, ತನ್ನ ಮನೆಯ ಎದುರಿನ ನಿವೇಶನದಲ್ಲಿ ಮುಂದಿನ ತಿಂಗಳು ಅಡಿಪಾಯ ತೋಡುವರೆಂದೂ, ಮಾಲೀಕರ ಅಪ್ಪಣೆ ಪಡೆದು ಹಳ್ಳದ ಗೋಡೆಯನ್ನು ನೋಡಿ ಬರೆದುಕೊಳ್ಳಬಹುದೇ ಎಂದೂ ಕೇಳಿದನು. ಅಲ್ಲಿ ಏನೂ ಕಾಣದಿರಬಹುದು. ಏನೂ ಇಲ್ಲವೆಂಬುದನ್ನು ಕ್ರಮವಾಗಿ ಬರೆದಿಟ್ಟರೆ ಅದೂ ಮುಂದಿನವರಿಗೆ ಒಂದು ಆಧಾರವೇ. ಅಳತೆಯ ಪಟ್ಟಿಯನ್ನೂ ಒಂದು ಟಿಪ್ಪಣಿ ಪುಸ್ತಕವನ್ನೂ ವಿಭಾಗದಿಂದ ಕೊಡುವುದಾಗಿ ಹೇಳಿದೆನು.